ಎಂಬತ್ತಮೂರು ಕುರಿ ಎಣಿಸಿದ ಮ್ಯಾಥ್ಸ್ ಟೀಚರ್

ಒಂದು ಹುಡುಗೀನ ಸ್ಕೂಲಲ್ಲಿ ಉಳಿಸ್ಕೊಳ್ತೀನಿ ಅಂತ ಹೋಗಿ, ಅವಳ್ನ ಎಂಬತ್ತು ಕಿಲೋಮೀಟರ್ ಆಚೆಗೆ ಓಡ್ಸಿದವಳು ನಾನು. ಇಪ್ಪತ್ತೆರಡು ವರ್ಷ ಸರ್ವೀಸ್ ಮಾಡಿ ಇದೊಂದು ಸಾಧನೆ. ಯಾರೋ ಬೇರೆ ಟೀಚರ್ ಮಾಡಿದ್ದು ಅಂತ ಹೇಳಿ ತಪ್ಪಿಸ್ಕೋಬಹುದಿತ್ತು. ಆದ್ರೆ ನಮ್ಮಮ್ಮ ಆಗ್ಲೇ ಅರ್ಧ ಊರಿಗೆ ಹೇಳ್ಕೊಂಡು ಬಂದವಳೆ. ಮಿಕ್ಕ ಅರ್ಧಕ್ಕೆ ನಾನೇ ಹೇಳ್ತೀನಿ.

ನಮ್ದು ತಮಿಳುನಾಡಲ್ಲಿ, ಸೇಲಂ ಜಿಲ್ಲೆ ನಂಗವಳ್ಳಿ ಕಡೆ ಒಂದು ಸರ್ಕಾರಿ ಹೈಸ್ಕೂಲು. ಹತ್ತನೇ ಕ್ಲಾಸುವರೆಗೂ ಐತೆ. ನಾನು ಮ್ಯಾಥ್ಸು, ಜೊತೆಗೆ ಹತ್ತನೇ ಕ್ಲಾಸಿಗೆ ಕ್ಲಾಸ್ ಟೀಚರ್. ಪಾಠ ತಮಿಳಲ್ಲಿ, ಬೈಗುಳ ತಮಿಳಲ್ಲಿ. ಅರ್ಧಕ್ಕರ್ಧ ಮಕ್ಕಳ ಮನೇಲಿ ಕನ್ನಡ, ನಮ್ಮನೇಲೂ ಕನ್ನಡ, ಆದ್ರೆ ಗೇಟ್ ಒಳಗೆ ಕಾಲಿಟ್ರೆ ಎಲ್ರೂ ತಮಿಳಿಗೆ ತಿರುಗ್ತೀವಿ. ಅದು ಯಾರೂ ಹೇಳ್ಕೊಟ್ಟಿದ್ದಲ್ಲ, ಚಪ್ಪಲಿ ಬಿಟ್ಟು ಒಳಗ್ ಹೋದಂಗೆ.

ಆ ಹುಡುಗಿ ಹತ್ತನೇ ಕ್ಲಾಸು. ಕುರಿ ಸಾಕೋ ಮನೆಯವಳು. ಕೊನೇ ಬೆಂಚು, ಕಿಟಕಿ ಪಕ್ಕ. ಗಲಾಟೆ ಮಾಡೋ ಮಕ್ಕಳ್ನ ಹೆಂಗೋ ಸಂಭಾಳಿಸ್ಬಹುದು, ಇವಳು ಗಲಾಟೆನೂ ಮಾಡ್ತಿರ್ಲಿಲ್ಲ. ಪ್ರಶ್ನೆ ಕೇಳಿದ್ರೆ ಎದ್ದು ನಿಂತು ನನ್ನ ಹಣೆ ನೋಡೋಳು. ಕಣ್ಣಲ್ಲ, ಹಣೆ. ನಂಗೇ ಡೌಟ್ ಬಂದು ಬೊಟ್ಟು ಸರಿ ಐತಾ ಅಂತ ಮುಟ್ಟಿ ನೋಡ್ಕೋತಿದ್ದೆ. ಅವಳ ಮ್ಯಾಥ್ಸ್ ನೋಟ್‌ಬುಕ್ಕು ಜೂನಲ್ಲಿ ಎಷ್ಟು ಹೊಸದಾಗಿತ್ತೋ ಡಿಸೆಂಬರಲ್ಲೂ ಅಷ್ಟೇ ಹೊಸದು. ಅಂಗಡಿಗೆ ವಾಪಸ್ ಕೊಟ್ಟಿದ್ರೆ ತಗೊಳ್ತಿದ್ರು.

ನವೆಂಬರಲ್ಲಿ ವಾರಕ್ಕೆ ಎರಡು ದಿನ ತಪ್ಪಿಸ್ತಿದ್ಲು, ಡಿಸೆಂಬರಲ್ಲಿ ಮೂರು. ಪೊಂಗಲ್ ಆದ್ಮೇಲಂತೂ ಬಂದ್ರೆ ಬಂದ್ಲು. ಆ ಟೈಮಲ್ಲಿ ಕಡ್ಲೇಕಾಯಿ ಕಿತ್ತು ಹೊಲ ಖಾಲಿ ಆಗಿರುತ್ತೆ. ಹೊಲದವ್ರು ಕುರಿಯವ್ರನ್ನ ಕರ್ದು ಮಂದೆ ನಿಲ್ಲಿಸ್ಕೋತಾರೆ, ಗೊಬ್ಬರಕ್ಕೆ. ಒಂದ್ ಹೊಲದಲ್ಲಿ ನಾಲ್ಕು ದಿನ, ಇನ್ನೊಂದ್ ಹೊಲದಲ್ಲಿ ಮೂರು ದಿನ, ಹಂಗೇ ಮುಂದಕ್ಕೆ ಹೋಗ್ತಾ ಇರ್ತಾರೆ. ಮನೆಯವ್ರೆಲ್ಲ ಹಿಂದೆ.

ಹೆಡ್‌ಮಾಸ್ಟರು ನನ್ನ ಕರ್ದು ಹೇಳಿದ್ರು. "ಮಿಸ್, ಈ ಹುಡುಗಿ ಇಡೈನಿಟ್ರಲ್ ಆದ್ರೆ ಆಫೀಸಿಂದ ಫೋನ್ ಬರೋದು ನಂಗೆ. ನಾನು ಆ ಫೋನ್ ಹಂಗೇ ನಿಮ್ ಕೈಗೆ ಕೊಡ್ತೀನಿ."

ಇಡೈನಿಟ್ರಲ್ ಅಂದ್ರೆ ಓದು ನಡುವೆ ಬಿಟ್ಟು ನಿಂತ್ಕೊಂಡವ್ರು. ಅವ್ರ ಹೆಸ್ರೆಲ್ಲ ಇಲಾಖೆ ಆಪ್‌ಗೆ ಹಾಕ್ಬೇಕು, ಕಾರಣನೂ ಹಾಕ್ಬೇಕು.

ಅದೇ ಹೊತ್ತಿಗೆ ನನ್ನ ಸೇಲಂಗೆ ಮೂರು ದಿನದ ಟ್ರೈನಿಂಗಿಗೆ ಹಾಕಿದ್ರು. ಓದಲ್ಲಿ ಮನಸ್ಸಿಲ್ಲದ ಮಕ್ಕಳ ಜೊತೆ ಟೀಚರು ಸಂಬಂಧ ಬೆಳೆಸ್ಕೊಳ್ಳೋದು ಹೆಂಗೆ ಅಂತ. ಹೇಳ್ಕೊಡೋಕೆ ಬಂದಿದ್ದ ಹುಡ್ಗನಿಗೆ ನನ್ನ ಸರ್ವೀಸಿಗಿಂತ ಒಂದೈದು ವರ್ಷ ಜಾಸ್ತಿ ವಯಸ್ಸು ಇರಬಹುದು, ಅಷ್ಟೇ. ನಾನು ಕೊನೇ ಬೆಂಚಲ್ಲಿ ಕೂತು ಫೋನಲ್ಲಿ ಸೀರೆ ನೋಡ್ತಾ ಮೂರು ದಿನ ಕಳೆದೆ. ಅವನು ಏನೋ ಕೇಳ್ದ, ಎದ್ದು ನಿಂತು ಅವನ ಹಣೆ ನೋಡ್ದೆ. ಆದ್ರೂ ಒಂದು ಮಾತು ಕಿವಿಗೆ ಬಿತ್ತು. "ಮಕ್ಕಳ ಲೋಕಕ್ಕೆ ನೀವು ಇಳೀಬೇಕು." ಸರಿ, ಇಳಿಯೋಣ ಅಂದ್ಕೊಂಡೆ. ಅಲ್ಲಿಂದ ಶುರುವಾಯ್ತು.

ಸೋಮವಾರ ಬೆಳಗ್ಗೆ ಕ್ಲಾಸ್ ಬಾಗ್ಲಲ್ಲಿ ನಿಂತು ಒಬ್ಬೊಬ್ರಿಗೂ ಕೈ ಕೊಟ್ಟು ಒಳಗ್ ಬಿಟ್ಟೆ. ಟ್ರೈನಿಂಗಲ್ಲಿ ಹೇಳಿದ್ದು. ಇವಳು ಬಂದ್ಲು, ಕೈ ನೋಡಿದ್ಲು, ನನ್ನ ನೋಡಿದ್ಲು.

"ಏನ್ ಮಿಸ್, ಟ್ರಾನ್ಸ್‌ಫರ್ ಆಯ್ತಾ?"

ಇಡೀ ವರ್ಷದಲ್ಲಿ ಅವಳ ಮುಖದಲ್ಲಿ ನಾನು ಸಂತೋಷ ನೋಡಿದ್ದು ಅದೇ ಮೊದ್ಲು.

ಮಾರನೇ ದಿನ ಅವಳ ಬೆಂಚ್ ಹತ್ರ ಹೋಗಿ ಬಗ್ಗಿ, "ನಿಂಗೆ ಏನ್ ಮಾಡೋದು ಅಂದ್ರೆ ಇಷ್ಟ, ಚೆಲ್ಲಂ?" ಅಂದೆ. ಚೆಲ್ಲಂ ಅಂದ್ರೆ ತಮಿಳಲ್ಲಿ ಮುದ್ದು. ಪಕ್ಕದವಳು, "ಚೆಲ್ಲಂ ಅಂತೆ ಲೇ!" ಅಂತ ಬಾಯಿಗೆ ದಾವಣಿ ತುರುಕ್ಕೊಂಡ್ಲು. ಇವಳು ಮಾತ್ರ ನಗ್ಲಿಲ್ಲ.

"ಮಿಸ್, ನಂಗೆ ಬೈದ್‌ಬಿಡಿ. ಹಿಂಗ್ ಮಾತಾಡಿದ್ರೆ ಭಯ ಆಯ್ತದೆ."

ಇಷ್ಟಾದ್ಮೇಲೆ ಬುದ್ಧಿ ಇರೋರು ನಿಲ್ಲಿಸ್ತಿದ್ರು. ನಾನು ಸ್ಕೂಟಿ ತೆಗ್ದೆ. ಶನಿವಾರ ಸಾಯಂಕಾಲ, ಅವ್ರ ಮಂದೆ ನಿಂತಿದ್ದ ಹೊಲ ಹುಡ್ಕೊಂಡು ಹೋದೆ. ಕೈಯಲ್ಲಿ ಒಂದು ಕಿಲೋ ಸೇಬು.

ಅವ್ರು ಒಳ್ಳೇ ಜನ, ಅದನ್ನ ಮೊದ್ಲು ಹೇಳ್ಬೇಕು. ಅವಳಪ್ಪ ಹೆಗಲ ಮೇಲಿದ್ದ ಕಂಬಳಿ ತೆಗ್ದು ನಂಗೆ ಹಾಸಿದ. "ಕೂತ್ಕೊಳಿ ಟೀಚರಮ್ಮ. ಓದಲ್ಲ ಅಂದ್ರೆ ನಾಲ್ಕ್ ಬಾರ್ಸಿ, ನಾವ್ ಕೇಳಕಿಲ್ಲ" ಅಂದ.

"ಬಾರಿಸೋ ಕಾಲ ಓಯ್ತಣ್ಣ. ಈಗೆಲ್ಲ ಪ್ರೀತಿ" ಅಂದೆ ನಾನು, ದೊಡ್ಡ ಮನುಷ್ಯಳಂಗೆ.

ಅವಳ ಅಜ್ಜಿ ಒಂದು ಕಡೆ ಮರಿಗಳ್ನ ಮಂಕರಿ ಕೆಳಗೆ ಮುಚ್ತಾ ಇದ್ಲು. ಹುಡುಗಿ ಒಂದು ಮರೀನ ಕಂಕುಳಲ್ಲಿ ಇಟ್ಕೊಂಡು ನಿಂತಿದ್ಲು. ಸ್ಕೂಲಲ್ಲಿ ನೋಡಿದ ಮುಖನೇ ಅಲ್ಲ ಅದು. ಎದೆ ಎತ್ತಿ ನಿಂತಿದ್ಲು. ಇದೇ ಟೈಮು, ಇಳಿ ಇವಳ ಲೋಕಕ್ಕೆ ಅಂದ್ಕೊಂಡೆ. ಮ್ಯಾಥ್ಸು ಬದುಕಲ್ಲೇ ಐತೆ ಅಂತ ತೋರಿಸ್ಬೇಕು.

"ನೋಡು, ಲೆಕ್ಕ ಅಂದ್ರೆ ಭಯ ಬೇಡ" ಅಂತ ಎದ್ದು ನಿಂತೆ. ಬೆರಳು ಚಾಚಿದೆ. "ಒಂದು, ಎರಡು, ಮೂರು..."

"ಮಿಸ್" ಅಂದ್ಲು ಅವಳು.

"ಇರು. ಒಂಬತ್ತು, ಹತ್ತು..."

"ಮಿಸ್, ಬೇಡ ಮಿಸ್. ಮಿಸ್!"

ಆಹಾ, ಹುಡುಗಿಗೆ ಹುರುಪು ಬಂತು ಅಂದ್ಕೊಂಡೆ. ಗಂಟಲು ಇನ್ನೂ ಏರಿಸ್ದೆ. ನಡುವೆ ಎರಡು ಕುರಿ ಜಾಗ ಬದಲಾಯಿಸಿದ್ವು, ಮತ್ತೆ ಮೊದ್ಲಿಂದ ಎಣಿಸ್ದೆ. ಅಂದ್ರೆ ಅರ್ಧ ಮಂದೇನ ಎರಡು ಸಲ ಎಣಿಸ್ದೆ. ಕೊನೆಗೆ ಕೈ ತಟ್ಟಿ, "ಎಂಬತ್ತಮೂರು! ಹಂಗಾದ್ರೆ ಕಾಲು ಎಷ್ಟು? ಹೇಳು! ಮುನ್ನೂರ ಮೂವತ್ತೆರಡು!" ಅಂದೆ.

ಅಪ್ಪ ಬೀಡಿ ಹಚ್ಚೋಕೆ ಹೋದವನು ಹಚ್ಲಿಲ್ಲ. ಅಜ್ಜಿ ಮಂಕರಿ ಬಿಟ್ಟು ಎದ್ದು ಸೀದಾ ನನ್ನ ಹತ್ರ ಬಂದು, ಬಗ್ಗಿ ನನ್ನ ಕಾಲ್ ಹತ್ರ ಕೈ ಹಾಕಿದ್ಲು.

"ಅಯ್ಯೋ ಬೇಡ ಅಜ್ಜಿ! ದೊಡ್ಡೋರು ನೀವು, ನನ್ ಕಾಲು ಮುಟ್ಟೋದಾ? ಚೆನ್ನಾಗಿರಿ, ಚೆನ್ನಾಗಿರಿ" ಅಂತ ಅವಳ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡ್ದೆ. ಎಪ್ಪತ್ತು ದಾಟಿದ ಮುದುಕಿಗೆ.

ಅವಳು ನನ್ನ ಕಾಲಡಿ ಮಣ್ಣು ಒಂದು ಹಿಡಿ ತಗೊಂಡು, ಸೆರಗಲ್ಲಿ ಕಟ್ಕೊಂಡು ಹೋದ್ಲು. ನಾನು ಕಣ್ಣು ಒದ್ದೆ ಮಾಡ್ಕೊಂಡು ಸ್ಕೂಟಿ ಹತ್ತಿ ಮನೆಗೆ ಬಂದೆ. ಬಂದವಳು ಸುಮ್ನಿರ್ಲಿಲ್ಲ, ಫೋನಲ್ಲಿ ಪೋಸ್ಟ್ ಹಾಕಿದೆ. 'ಇವತ್ತು ಒಂದು ಮುಗ್ಧ ಜೀವ ನನ್ನ ಪಾದದ ಧೂಳಿ ತಗೊಂಡಿತು. ಟೀಚರ್ ಆಗಿ ಹುಟ್ಟಿದ್ದು ಸಾರ್ಥಕ.' ಲೈಕ್ ಮೇಲೆ ಲೈಕ್. ಅದು ಡಿಲೀಟ್ ಆಗೈತೆ, ಹುಡುಕ್ಬೇಡಿ.

ಅಮ್ಮನಿಗೆ ಓದಿ ಹೇಳ್ದೆ. ಅಮ್ಮ ಹುಣಸೇಹಣ್ಣು ಬಿಡಿಸ್ತಾ ಕೂತಿದ್ಲು. ಕೈ ನಿಂತೋಯ್ತು.

"ಏನ್ ಮಾಡ್ದೆ ಅಂದೆ?"

"ಎಣಿಸ್ದೆ ಅಮ್ಮ. ಎಂಬತ್ತಮೂರು."

"ಬೆರಳ್ ತೋರ್ಸಿ?"

"ಹೂಂ."

"ಬಾಯ್ ಬಿಟ್ಟು? ಅವ್ರ ಮುಂದೆನೇ?"

"ಹೂಂ ಅಂದ್ನಲ್ಲ."

"ಲೇ ಮೂದೇವಿ!" ಅಂತ ಹುಣಸೇ ಬೀಜ ಎಸ್ದೇಬಿಟ್ಲು ನನ್ನ ಮೇಲೆ. "ಕುರಿಯವ್ರ ಮನೆ ಮೊಮ್ಮಗಳಲ್ವೇನೇ ನೀನು? ನಿಮ್ ತಾತ ಇದ್ದಿದ್ರೆ ಮೆಟ್ಟು ತಗೋತಿದ್ದ. ಮಂದೇನ ಯಾರಾದ್ರೂ ಎಣಿಸ್ತಾರಾ? ಎಣಿಸಿದ್ರೆ ಕಣ್ಣಾಗಿ ಒಂದೊಂದೇ ಬಿದ್ದೋಯ್ತವೆ. ನಾವು ಮುಖ ನೋಡಿ ಯಾವ್ದು ಬಂದಿಲ್ಲ ಅಂತ ಏಳೋರು. ಆ ಮುದುಕಿ ನಿನ್ ಕಾಲಿಗ್ ಬಿದ್ಲು ಅಂದ್ಕೊಂಡ್ಯಾ? ನಿನ್ ಕಾಲ್ ಮಣ್ಣು ತಗೊಂಡೋಗಿ ಮೆಣಸಿನಕಾಯಿ ಜೊತೆ ಒಲೆಗಾಕವಳೆ!"

ನಾನು ಚಿಕ್ಕವಳಿದ್ದಾಗ ತಾತ ಹೇಳಿದ್ದ, ನಿಜ. ಮರ್ತೇಹೋಗಿತ್ತು. ನಾವು ಮೆಟ್ಟೂರಲ್ಲಿ ಅಪ್ಪನ ಕ್ವಾರ್ಟರ್ಸಲ್ಲಿ ಬೆಳೆದೋರು. ಆಮೇಲೆ ಬಿ.ಎಡ್ಡು, ಎಂ.ಎಸ್ಸಿ. ಏನೇನೋ ತುಂಬ್ಕೊಂಡಾಗ ಇದಕ್ಕೆ ಜಾಗ ಸಾಲಲಿಲ್ಲ. ಆದ್ರೂ ಆಗ, ಇದೆಲ್ಲ ಮೂಢನಂಬಿಕೆ ಬಿಡಮ್ಮ ಅಂದೆ.

ಎರಡೇ ದಿನಕ್ಕೆ ಎರಡು ಮರಿ, ಒಂದು ದೊಡ್ಡ ಕುರಿ ಹೊಟ್ಟೆ ಉಬ್ಬಿ ಸತ್ತು ಹೋದ್ವು.

ಅವಳಪ್ಪ ಸ್ಕೂಲ್ ಹತ್ರ ಬಂದು ಜಗಳ ಆಡ್ಲಿಲ್ಲ. ಆಡಿದ್ರೆ ಚೆನ್ನಾಗಿತ್ತು. ಮಂದೆ ಎಬ್ಬಿಸ್ಕೊಂಡು ಹೊರಟೇಹೋದ. ನನ್ನ ಕಣ್ಣಿಗೆ ಬೀಳದಷ್ಟು ದೂರ, ಧರ್ಮಪುರಿ ಆ ಕಡೆ, ಮೊರಪ್ಪೂರು ದಾಟಿ. ಹುಡುಗೀನೂ ಹೋದ್ಲು. ಮನೆಗೆ ಬೀಗ.

ಹೆಡ್‌ಮಾಸ್ಟರು ಫೋನ್ ಹಿಡ್ಕೊಂಡು ನನ್ನ ಟೇಬಲ್ ಹತ್ರ ಬಂದ್ರು. "ಆಪಲ್ಲಿ ಕಾರಣ ಕೇಳುತ್ತೆ ಮಿಸ್. ಮದುವೆ, ಕೆಲಸ, ಕಾಯಿಲೆ, ಊರು ಬಿಟ್ಟಿದ್ದು, ಎಲ್ಲಾ ಐತೆ. 'ಮ್ಯಾಥ್ಸ್ ಟೀಚರ್ ಕಣ್ಣು ಬಿತ್ತು' ಅನ್ನೋದು ಮಾತ್ರ ಇಲ್ಲ. ಏನ್ ಹಾಕ್ಲಿ?"

"ಒಂದು ವಾರ ಏನೂ ಹಾಕ್ಬೇಡಿ ಸಾರ್" ಅಂದೆ.

ನಗೋ ಮಾತಲ್ಲ ಅದು. ಪಬ್ಲಿಕ್ ಪರೀಕ್ಷೆಗೆ ಇನ್ನು ಮೂರು ವಾರ. ಅವಳ ಹಾಲ್ ಟಿಕೆಟ್ ಬಂದು ನನ್ನ ಬೀರುವಲ್ಲಿ ಕೂತಿತ್ತು. ಹತ್ತನೇದು ಬರೀದೆ ಹೋದ ಹುಡುಗಿ ನಮ್ಮ ಕಡೆ ವಾಪಸ್ ಬಂದಿದ್ದನ್ನ ನಾನು ನೋಡಿಲ್ಲ. ಮುಂದಿನ ವರ್ಷ ಅಂತಾರೆ. ಮುಂದಿನ ವರ್ಷದಲ್ಲಿ ಅವಳ ಮದುವೆ ಪತ್ರಿಕೆ ಬರುತ್ತೆ. ಎಷ್ಟೋ ಬಂದವೆ ನಂಗೆ ಹಂಗೆ. ಹೋಗಿ ಊಟ ಮಾಡಿ, ಸ್ಟೀಲ್ ಡಬ್ಬ ಕೊಟ್ಟು ಬಂದಿದ್ದೀನಿ.

ಅಮ್ಮ ನೆಂಟರಿಗೆಲ್ಲ ಫೋನ್ ಹಚ್ಚಿ ಒಂದೇ ದಿನದಲ್ಲಿ ಮಂದೆ ಎಲ್ಲೈತೆ ಅಂತ ಹಿಡಿದ್ಲು. ಆಪ್‌ಗಿಂತ ಫಾಸ್ಟು. ಮೊರಪ್ಪೂರಿಂದ ಕಾರಿಮಂಗಲಂ ಕಡೆ ಹೋಗೋ ದಾರೀಲಿ ಯಾರದೋ ಹೊಲ. ಭಾನುವಾರ ಸೇಲಂವರೆಗೂ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ಟ್ರೈನು. ಅಮ್ಮನೂ ಬಂದ್ಲು. ಬರ್ಬೇಡ ಅಂದಿದ್ದೆ. "ನೀನೊಬ್ಳೇ ಓದ್ರೆ ಈ ಸಲ ಅವ್ರ ಕೋಳಿ ಎಣಿಸ್ತೀಯಾ" ಅಂದ್ಲು. ಟ್ರೈನಲ್ಲಿ ಎದುರು ಸೀಟಿನ ಹೆಂಗಸಿಗೆ ಪೂರ್ತಿ ಕಥೆ ಹೇಳಿದ್ಲು. ಆ ಹೆಂಗಸು ತನ್ನ ಮಗೂನ ನಿಧಾನಕ್ಕೆ ನನ್ನ ಕಡೆಯಿಂದ ಆ ಕಡೆ ತೊಡೆಗೆ ಬದಲಾಯಿಸ್ಕೊಂಡ್ಲು.

"ಅಲ್ಲಿ ಬಾಯ್ ಬಿಡ್ಬೇಡ. ನಾನ್ ಮಾತಾಡ್ತೀನಿ" ಅಂದ್ಲು ಅಮ್ಮ, ಮೊರಪ್ಪೂರಲ್ಲಿ ಇಳೀತಾ.

ಹೊಲಕ್ಕೆ ಹೋದಾಗ ಮೂರು ಗಂಟೆ. ಹುಡುಗಿ ಅಪ್ಪ ಮಂದೆ ಹೊಡ್ಕೊಂಡು ಮೇಯಿಸೋಕೆ ಹೋಗಿದ್ದ. ಅಜ್ಜಿ, ಹುಡುಗಿ ಇಬ್ರೇ, ಮರಿಗಳ ಜೊತೆ. ನನ್ನ ಕಂಡಿದ್ದೇ ಅಜ್ಜಿ ಸೆರಗು ಬಿಚ್ಚಿ ಮಂಕರಿ ಮೇಲೆ ಹರವಿದ್ಲು.

"ಟೀಚರಮ್ಮ, ಆ ಕಡೆ ತಿರುಕ್ಕೊಳಿ."

"ಏನಜ್ಜಿ?"

"ಆ ಕಡೆ. ಮರದ ಕಡೆ. ಮರಿ ಕಡೆ ನೋಡ್ಬೇಡಿ."

ಒಂದು ಹುಣಸೇ ಮರ ಇತ್ತು. ಅದಕ್ಕೆ ಮುಖ ಕೊಟ್ಟು ನಿಂತ್ಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳ್ನ ಗೋಡೆ ಕಡೆ ತಿರುಗಿ ನಿಲ್ಲಿಸಿದ್ದೀನೋ, ಅಷ್ಟಕ್ಕೂ ಸೇರಿ ಅವತ್ತು ಒಂದೇ ಸಲ ನಿಂತೆ. ಮೊದಲ ಹತ್ತು ನಿಮಿಷ ನಾಚಿಕೆ. ಆಮೇಲೆ ಬೇಜಾರು. ಮರದ ಮೇಲೆ ಕಟ್ಟಿರುವೆ ಸಾಲು ಹೋಗ್ತಿತ್ತು. ಅದನ್ನ ಎಣಿಸೋಕೆ ಶುರು ಮಾಡಿದ್ದೆ, ನಿಜ ಹೇಳ್ಬೇಕಂದ್ರೆ.

ನನ್ನ ಬೆನ್ನ ಹಿಂದೆ ಅಮ್ಮ, ಅಜ್ಜಿ ಎಲೆ ಅಡಿಕೆ ಬಿಚ್ಚಿದ್ರು. ಹತ್ತೇ ನಿಮಿಷ. ಅಮ್ಮನ ದೊಡ್ಡಪ್ಪನ ಮಗಳ್ನ ಅಜ್ಜಿಯ ತಮ್ಮನ ಬಾಮೈದನಿಗೆ ಕೊಟ್ಟೈತೆ ಅಂತ ಪತ್ತೆ ಆಯ್ತು. ಆಮೇಲೆ ಇಬ್ರೂ ಸೇರ್ಕೊಂಡು ನನ್ನ ಬೈಯೋಕೆ ಶುರು ಮಾಡಿದ್ರು.

"ಓದಿದ್ ಜಾಸ್ತಿ ಆಗೋಯ್ತು ಇವ್ಳಿಗೆ" ಅಂದ್ಲು ಅಮ್ಮ.

"ಮನೇಲಿ ಏಳ್ಕೊಟ್ಟಿದ್ರೆ ಇಂಗಾಯ್ತಿತ್ತಾ?" ಅಂದ್ಲು ಅಜ್ಜಿ.

"ಏಳ್ಕೊಡ್ದೆ ಇದ್ದೀನಾ? ತಲೇಲಿ ನಿಲ್ಲಬೇಕಲ್ಲ."

ಹುಡುಗಿ ಚೊಂಬಲ್ಲಿ ನೀರು ತಂದು ನನ್ನ ಮುಂದೆ, ಮರಕ್ಕೂ ನನಗೂ ನಡುವೆ ಬಂದು ನಿಂತ್ಲು. ಈ ಸಲ ಹಣೆ ನೋಡ್ಲಿಲ್ಲ.

"ಯಾಕ್ ಬಂದ್ರಿ ಮಿಸ್?"

ಬ್ಯಾಗಿಂದ ಹಾಲ್ ಟಿಕೆಟ್ ತೆಗ್ದು ಕೊಟ್ಟೆ. ಅವಳು ಅದ್ರಲ್ಲಿದ್ದ ತನ್ನ ಫೋಟೋ ನೋಡಿದ್ಲು. "ಕುರಿ ಎಣಿಸಿದ್ದು ನಂದು ತಪ್ಪು. ನನ್ನಿಂದ ಮೂರು ಹೋದ್ವು" ಅಂದೆ ಮೆಲ್ಲಗೆ.

ಅವಳು ಹಿಂದೆ ಒಂದು ಸಲ ನೋಡ್ಕೊಂಡು ದನಿ ಇಳಿಸಿದ್ಲು. "ನಿಮ್ಮಿಂದ ಅಲ್ಲ ಮಿಸ್. ಎಳೇ ಜೋಳ ಮೇದಿದ್ವು. ಪಕ್ಕದ ಹೊಲದಲ್ಲಿ ಇತ್ತು. ಎಳೇ ಜೋಳ ಮೇದ್ರೆ ಉಬ್ಬುತ್ತೆ ಅಂತ ಚಿಕ್ಕ ಮಗುಗೂ ಗೊತ್ತು. ಕಾಯ್ತಾ ಇದ್ದಿದ್ದು ನಾನು."

"ಮತ್ತೆ ಹೆಂಗೆ ಬಿಟ್ಟೆ?"

"ಪುಸ್ತಕ ತೆಗ್ದಿದ್ದೆ." ಅಂದ್ಲು, ಏನೋ ಕಳ್ಳತನ ಮಾಡಿದ್ದೆ ಅನ್ನೋ ಥರ. "ನೀವು ಅಷ್ಟ್ ದೂರ ಬಂದಿದ್ರಲ್ಲ. ಮಾರನೇ ದಿನ ಸುಮ್ನೆ ತೆಗ್ದು ನೋಡ್ದೆ, ಮ್ಯಾಥ್ಸ್. ಎರಡು ಲೆಕ್ಕ ಬಂತು. ಮೂರನೇದು ಬರ್ತಾ ಇತ್ತು. ತಲೆ ಎತ್ತಿ ನೋಡಿದ್ರೆ ಅವು ಜೋಳದಲ್ಲಿ."

ನಾನು ಚೊಂಬು ಅವಳ ಕೈಗೆ ವಾಪಸ್ ಕೊಟ್ಟೆ.

"ಅಪ್ಪನಿಗೆ ಹೇಳಿದ್ಯಾ?"

"ಟೀಚರ್ ಕಣ್ಣು ಅಂತ ಅವ್ರೇ ಅಂದ್ರು. ನಾನ್ ಯಾಕ್ ಅಲ್ಲ ಅನ್ಲಿ?"

ಅವಳ ಜಾಗದಲ್ಲಿ ನಾನಿದ್ರೂ ಅಷ್ಟೇ ಮಾಡ್ತಿದ್ದೆ. ಅವಳು ಚೊಂಬು ತಗೊಂಡು ಹೋಗೋಳು, ಹೋಗ್ಲಿಲ್ಲ.

"ಒಂಬತ್ತನೇ ಕ್ಲಾಸಲ್ಲಿ ನೀವೇ ಹೇಳಿದ್ರಿ ಮಿಸ್. ನೀನು ಆಡು ಮೇಯಿಸೋಕೇ ಲಾಯಕ್ಕು ಅಂತ. ನಾನು ಮೇಯಿಸ್ತಾ ಇದ್ನಲ್ಲ, ಚೆನ್ನಾಗೇ ಮೇಯಿಸ್ತಾ ಇದ್ದೆ. ಸರಿ, ಲೆಕ್ಕ ಬೇಡ ಅಂತ ಬಿಟ್ಟೆ. ಈಗ ಲೆಕ್ಕ ತೆಗ್ದಿದ್ದಕ್ಕೆ ಮೇಯಿಸೋದೂ ಕೆಟ್ಟೋಯ್ತು."

ಅಂದಿದ್ದು ನಂಗೆ ನೆನಪೇ ಇಲ್ಲ. ನೆನಪಿರೋದು ಹೆಂಗೆ, ದಿನಾ ಯಾರಿಗಾದ್ರೂ ಅಂತಿದ್ದೆ. ಬೆಳಗ್ಗೆ ಎದ್ದು ಹಲ್ಲುಜ್ಜಿದ್ದು ಯಾರಿಗೆ ನೆನಪಿರುತ್ತೆ? ನಮ್ಮ ಕಡೆ ಟೀಚರುಗಳ ಬಾಯಲ್ಲಿ ಆ ಮಾತು ಹಂಗೇ ಐತೆ. ಅದೂ ಯಾರು ಅಂದಿದ್ದು? ಆಡು ಕುರಿ ಮೇಯಿಸಿ ಮಗಳ್ನ ಕ್ವಾರ್ಟರ್ಸ್ ಇರೋ ಗಂಡಿಗೆ ಕೊಟ್ಟೋನ ಮೊಮ್ಮಗಳು.

"ತಪ್ಪಾಯ್ತು" ಅಂದೆ. ಮರಕ್ಕೆ ಹೇಳ್ದಂಗಿತ್ತು.

"ಪರವಾಯಿಲ್ಲ ಮಿಸ್" ಅಂದು ಹೋದ್ಲು.

ಐದು ಗಂಟೆಗೆ ಮಂದೆ ಬಂತು. ನೋಡ್ಲಿಲ್ಲ, ಕೇಳಿಸ್ತು. ಗಂಟೆ ಸದ್ದು, ತಾಯಿಗಳ ಕೂಗು, ಮರಿಗಳ ಕೂಗು, ಧೂಳು ನನ್ನ ಕತ್ತಿನ ಹಿಂದೆ. ಅವಳಪ್ಪನ ದನಿ ಬಂತು. "ಇವ್ರ್ಯಾಕ್ ಇಲ್ಲಿ?"

ಅಮ್ಮ ಮಾತಾಡೋಕೆ ಮುಂಚೆ ನಾನೇ, ಹಂಗೇ ಮರದ ಕಡೆ ನೋಡ್ಕೊಂಡು ಕೂಗ್ದೆ. "ಅಣ್ಣ, ನಂದೇ ತಪ್ಪು. ನನ್ ಕಣ್ಣೇ ಬಿದ್ದಿದ್ದು. ನನ್ನಿಂದಾನೇ ಮೂರು ಹೋದ್ವು. ಹುಡುಗಿದೇನೂ ಇಲ್ಲ."

ಮೂಢನಂಬಿಕೆ ಬಿಡಿ ಅಂತ ಸೈನ್ಸ್ ಡೇ ದಿನ ವರ್ಷ ವರ್ಷ ಭಾಷಣ ಮಾಡೋಳು ನಾನು. ಅವತ್ತು ಹುಣಸೇ ಮರದ ಮುಂದೆ, ನನ್ನ ಕಣ್ಣಿಗೆ ಕುರಿ ಕೊಲ್ಲೋ ಶಕ್ತಿ ಐತೆ ಅಂತ ಗಟ್ಟಿಯಾಗಿ ಒಪ್ಕೊಂಡೆ. ಹಿಂದೆ ಹುಡುಗಿ ಒಂದೇ ಒಂದು ಸಲ ಕೆಮ್ಮಿದ್ಲು.

"ಸತ್ತಿದ್ ಸತ್ತೋಯ್ತು" ಅಂದ ಅಪ್ಪ. "ನಮ್ದೂ ಗಾಬ್ರಿ. ಅದಕ್ಕೆ ಬಂದ್ವಿ."

"ಪರೀಕ್ಷೆ ಐತಪ್ಪ ಮಗೀಗೆ" ಅಂದ್ಲು ಅಮ್ಮ.

"ಇಲ್ಲಿಂದ ಎಂಗಮ್ಮ ಓಗ್ತಾಳೆ? ಊರಲ್ಲಿ ಮನೆ ಬೀಗ. ಒಬ್ಳೇ ಬಿಡೋಕಾಯ್ತದಾ?"

"ನಮ್ಮನೇಲಿ ಇರ್ಲಿ. ನನ್ ಜೊತೆ ಮಲಿಕೊಳ್ಳಿ. ಈಗ ನೆಂಟ್ರಾಗೋಯ್ತಲ್ಲ."

"ಮರಿ ಯಾರ್ ನೋಡೋರು?" ಅಜ್ಜಿ.

"ನಿಮ್ ಮಗನ್ಗೆ ಕೈ ಇಲ್ವಾ?"

ಅಪ್ಪ ನಕ್ಕ ಅನ್ಸುತ್ತೆ. ಬೀಡಿ ವಾಸನೆ ಬಂತು. "ನೀನೇನ್ ಅಂತೀಯಾ ಲೇ?" ಅಂದ ಮಗಳಿಗೆ. "ಬರೀತೀಯಾ? ಬರ್ದು ಪಾಸಾಗ್ತೀಯಾ? ಇಲ್ಲ ಸುಮ್ನೆ ಓಗಿ ಕೂತು ಬರ್ತೀಯಾ?"

ನನಗೆ ಅವಳ ಮುಖ ಕಾಣ್ತಿಲ್ಲ. ತಿರುಗೋಕೂ ಇಲ್ಲ. ನನ್ನ ಜೀವನದಲ್ಲಿ ಒಂದು ಮಗು ಉತ್ತರ ಹೇಳೋವರೆಗೂ ನಾನು ಕಾದಿದ್ದು ಅದೇ ಮೊದ್ಲು ಅನ್ಸುತ್ತೆ. ಕ್ಲಾಸಲ್ಲಿ ಮೂರು ಸೆಕೆಂಡ್ ಆದ್ರೆ ನೆಕ್ಸ್ಟ್ ಅಂತಿದ್ದೆ.

"ಬರೀತೀನಿ" ಅಂದ್ಲು. ಆಮೇಲೆ, "ಆದ್ರೆ ಮ್ಯಾಥ್ಸು ನಾನೇ ಓದ್ಕೋತೀನಿ. ಮಿಸ್ ಹೇಳ್ಕೊಡೋದ್ ಬೇಡ."

"ಅದೇ ಒಳ್ಳೇದು" ಅಂದ್ಲು ನಮ್ಮಮ್ಮ.

ಹಂಗಾಗಿ ಮೂರು ವಾರಕ್ಕಿಂತ ಜಾಸ್ತಿ ಅವಳು ನಮ್ಮನೇಲಿದ್ಲು. ಬೆಳಗ್ಗೆ ನನ್ನ ಸ್ಕೂಟಿ ಹಿಂದೆ ಸ್ಕೂಲು. ಗೇಟಿಗೆ ನೂರು ಅಡಿ ಮುಂಚೆ ಇಳಿದು ನಡ್ಕೊಂಡು ಬರೋಳು, ಯಾರಾದ್ರೂ ನೋಡಿಬಿಟ್ರೆ ಮರ್ಯಾದೆ ಹೋಗುತ್ತೆ ಅಂತ. ಸಾಯಂಕಾಲ ಅಮ್ಮನ ಕೋಣೇಲಿ ನೆಲದ ಮೇಲೆ ಕೂತು ಓದೋಳು. ನಮ್ಮಲ್ಲಿ ಹಿಂದುಳಿದ ಮಕ್ಕಳಿಗೆ ಒಂದೇ ಮಂತ್ರ. ಜಿಯೋಮೆಟ್ರಿ ಒಂದು, ಗ್ರಾಫ್ ಒಂದು, ಇವೆರಡು ತಪ್ಪಿಲ್ದೆ ಹಾಕಿದ್ರೆ ಅರ್ಧ ಪಾಸು. ಅವಳು ಅದನ್ನೇ ಹಿಡಿದ್ಲು. ವೃತ್ತ ಎಳೆದು, ಆಚೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ವೃತ್ತಕ್ಕೆ ತಾಗೋ ಗೆರೆ ಎಳೆಯೋದು. ಐದನೇ ಕ್ಲಾಸ್ ಓದಿದ ನಮ್ಮಮ್ಮ ಪಕ್ಕದಲ್ಲಿ ಕೂತು ಟೀಚರ್ ಕೆಲಸ ಮಾಡೋಳು.

"ಇದೇನ್ ರಂಗೋಲಿನಾ?"

"ಇಲ್ಲಜ್ಜಿ, ತೊಡುಕೋಡು." ತಮಿಳಲ್ಲಿ ಆ ಗೆರೆಗೆ ಅದೇ ಹೆಸ್ರು. "ಈ ಗೆರೆ ಚಕ್ರನ ಮುಟ್ಟಬೇಕು, ಒಳಗೆ ಹೋಗ್‌ಬಾರ್ದು."

"ನಿಂದು ಒಳಗೋಗೈತಲ್ಲ."

"ಸ್ವಲ್ಪ."

"ಸ್ವಲ್ಪ ಏನು, ಮನೆ ಒಳಗ್ ಬಂದು ಕೂತೈತೆ."

ನಾನು ಅಡುಗೆಮನೇಲಿ ಬಾಯಿಗೆ ಮುರುಕು ತುರುಕ್ಕೊಂಡು ನಿಂತಿರ್ತಿದ್ದೆ. ತಪ್ಪು ಎಲ್ಲೈತೆ ಅಂತ ಇಲ್ಲಿಂದಾನೇ ಗೊತ್ತಾಗೋದು. ನಡುಬಿಂದು ತಪ್ಪು ಹಿಡಿದವಳೆ, ಅಷ್ಟೇ. ಹೇಳೋ ಹಂಗಿಲ್ಲ. ಆ ವಾರ ನಾನು ಒಂದೂವರೆ ಕಿಲೋ ದಪ್ಪ ಆದೆ.

ಐದನೇ ದಿನ ಅಮ್ಮ ದೇವಸ್ಥಾನಕ್ಕೆ ಹೋಗಿದ್ಲು. ಅವಳು ನೋಟ್‌ಬುಕ್ಕು ತಂದು ಅಡುಗೆ ಕಟ್ಟೆ ಮೇಲೆ, ಈರುಳ್ಳಿ ಪಕ್ಕ ಇಟ್ಲು.

"ಇದು ಯಾಕ್ ಮಿಸ್ ಯಾವಾಗ್ಲೂ ಒಳಗೇ ಹೋಗ್ತೈತೆ?"

ಸ್ಟವ್ ಆರಿಸ್ದೆ. ಎಷ್ಟು ಸಲ ಹೇಳಿದ್ದೀನಿ ಕ್ಲಾಸಲ್ಲಿ, ಅನ್ನೋದು ನಾಲಿಗೆ ತುದಿಗೆ ಬಂತು. ನುಂಗ್ದೆ. ಅವಳು ಅದನ್ನ ನೋಡ್ತಾನೇ ಇದ್ಲು.

"ಬೈಯೋಕ್ ಬಂತಾ ಮಿಸ್?"

"ಬಂತು."

"ಬೈದ್‌ಬಿಡಿ. ಮನೇಲಿ ಯಾರೂ ಇಲ್ಲ."

ಇಬ್ರೂ ನಕ್ವಿ. ಆಮೇಲೆ ಹೇಳ್ಕೊಟ್ಟೆ. ಒಂದೇ ಸಲಕ್ಕೆ ತಿಳಿದು ಹೋಯ್ತು ಅಂತ ನೀವು ಅಂದ್ಕೊಂ‌ಡ್ರೆ ನೀವು ಟೀಚರ್ ಕೆಲಸ ಮಾಡಿಲ್ಲ. ನಾಲ್ಕು ಸಲ ಆಯ್ತು. ಮೂರನೇ ಸಲ ಬೈದೂ ಬಿಟ್ಟೆ. ಅವಳಿಗೆ ಏನೂ ಅನ್ನಿಸ್ಲಿಲ್ಲ. ಆಡು ಮೇಯಿಸೋ ಮಾತು ಮಾತ್ರ ಬಾಯಿಗೆ ಬರ್ಲಿಲ್ಲ, ಬರೋದೂ ಇಲ್ಲ ಇನ್ನು.

ಪರೀಕ್ಷೆ ಬರೆದು ಮಂದೆಗೆ ಹೊರಟುಹೋದ್ಲು. ಮೇ ತಿಂಗಳಲ್ಲಿ ರಿಸಲ್ಟ್ ಬಂತು. ಎಲ್ಲದ್ರಲ್ಲೂ ಪಾಸು. ಮ್ಯಾಥ್ಸಲ್ಲೇ ಕಮ್ಮಿ, ಮೂವತ್ತೆಂಟು. ಹೆಡ್‌ಮಾಸ್ಟರು ಸ್ಟಾಫ್ ರೂಮಲ್ಲಿ, "ನಿಮ್ಮ ಮನೇಲೇ ಇಟ್ಕೊಂಡು ಮೂವತ್ತೆಂಟಾ ಮಿಸ್?" ಅಂದ್ರು. ನಾನು ಜಗತ್ತಲ್ಲಿ ಯಾರ ಹತ್ರನೂ ಹೇಳ್ಲಿಲ್ಲ, ಆ ಮೂವತ್ತೆಂಟರಲ್ಲಿ ನಂದು ಬರೀ ಒಂದು ಗೆರೆ ಅಂತ.

ಜೋಳದ ವಿಷಯ ಬರೀಬಹುದಾ ಅಂತ ಅವಳ್ನೇ ಕೇಳಿದ್ದೀನಿ. "ಬರ್ಕೊಳ್ಳಿ ಮಿಸ್, ಕನ್ನಡ ಅಕ್ಷರ ನಮ್ಮೂರಲ್ಲಿ ಯಾರಿಗ್ ಬರುತ್ತೆ?" ಅಂದ್ಲು. ಅಜ್ಜಿ ಇವತ್ತಿಗೂ ನನ್ನ ಕಂಡ್ರೆ ಸೆರಗು ಬಿಚ್ತಾಳೆ. ನಾನೇ ಮುಂಚೆ ತಿರುಕ್ಕೋತೀನಿ.

ಆದ್ರೆ ಪಾಸಾಗಿದ್ದಕ್ಕೇ ಎಲ್ಲ ಮುಗೀಲಿಲ್ಲ. ಹತ್ತು ಪಾಸಾಗಿ ಮನೇಲಿ ಕೂತವ್ರೂ ಬೇಕಾದಷ್ಟು ಅವ್ರೆ. ಜೂನ್ ಮೊದಲ ವಾರ ನಾನು ಕಾದೆ. ಫೋನ್ ಮಾಡ್ಬೇಕು ಅನ್ಸುತ್ತೆ, ಮಾಡಿದ್ರೆ ಇನ್ನೇನು ಕೆಡಿಸ್ತೀನೋ ಅಂತ ಭಯ. ಒಂದು ಮಧ್ಯಾಹ್ನ ಅವಳೇ ಬಂದ್ಲು, ಅಪ್ಪನ ಜೊತೆ. ಅಪ್ಪ ಹೊರಗೆ ಅಮ್ಮನ ಹತ್ರ ಕೂತ. ಇವಳು ಒಳಗೆ ಬಂದು ದೊಡ್ಡ ಸ್ಕೂಲಿನ ಪ್ಲಸ್ ಒನ್, ಅಂದ್ರೆ ಹನ್ನೊಂದನೇ ಕ್ಲಾಸಿನ ಅರ್ಜಿ ನನ್ನ ಮುಂದೆ ಇಟ್ಲು.

"ಮಿಸ್, ಮ್ಯಾಥ್ಸ್ ಇಲ್ಲದಿರೋ ಗ್ರೂಪ್ ಯಾವುದು?"

ನಾನು ಶುರು ಮಾಡಿದೆ. ಮ್ಯಾಥ್ಸ್ ಇದ್ರೆ ದಾರಿ ಜಾಸ್ತಿ, ಇಂಜಿನಿಯರಿಂಗ್ ಐತೆ, ಬ್ಯಾಂಕ್ ಪರೀಕ್ಷೆ ಐತೆ, ಈಗ ಕಷ್ಟ ಅನ್ಸಿದ್ರೂ ಮುಂದೆ... ಎರಡು ನಿಮಿಷ ಮಾತಾಡಿರ್ಬೇಕು. ಅವಳು ಪೆನ್ ಹಿಡ್ಕೊಂಡು ಕೂತಿದ್ಲು.

"ಮುಗೀತಾ ಮಿಸ್?"

"ಮುಗೀತು."

ಅರ್ಜಿ ತಿರುಗಿಸ್ಕೊಂಡು, ಕನ್ನಡಕ ಹಾಕ್ಕೊಂಡು, ಒಂದೊಂದೇ ಗ್ರೂಪ್ ಓದಿ ಹುಡುಕ್ದೆ. ಅಗ್ರಿ, ಅಂದ್ರೆ ಬೇಸಾಯದ ಗ್ರೂಪಲ್ಲಿ ಮ್ಯಾಥ್ಸ್ ಇಲ್ಲ. ಪ್ರಾಣಿ ಸಾಕಾಣಿಕೆ ಪಾಠನೂ ಐತೆ. ಬೆರಳಿಟ್ಟು ತೋರಿಸ್ದೆ. ಅವಳು ಟಿಕ್ ಹಾಕಿ, ಕೆಳಗೆ ತನ್ನ ಹೆಸ್ರು ನಿಧಾನಕ್ಕೆ ಪೂರ್ತಿ ಬರೆದು, ಹೊರಗೆ ಅಪ್ಪನ ಹತ್ರ ಸಹಿ ಮಾಡಿಸೋಕೆ ತಗೊಂಡು ಹೋದ್ಲು.